ಹನ್ನೊಂದು ಮಾತು

ಕೊನೆಯ ಪುಸ್ತಕ ಬರಲು ಆರು ವರ್ಷ ಹಿಡಿಯಿತು.
ಅಷ್ಟರಲ್ಲಿ ಬ್ಲೈನೈಯ ನಮ್ಮ ಬೀದಿಯ ಅಂಚೆಡಬ್ಬಿ ಕಿತ್ತರು,
ನನ್ನ ಹಲ್ಲಿನ ತಂತಿ ಬಿಚ್ಚಿದರು,
ನೀನು ಉತ್ತರ ಸಮುದ್ರದ ನಡುವೆ
ಗಾಳಿಯಂತ್ರಗಳಿಗೆ ಗ್ರೀಸು ಬಳಿಯಲು ಹೋದೆ, ಇದ್ವಲ್.

ಮೊನ್ನೆ ನಡುರಾತ್ರಿ, ಬ್ಯಾಂಗರಿನ ಪುಸ್ತಕದಂಗಡಿಯ ಮುಂದೆ
ಸಾಲಿನಲ್ಲಿ ನಿಂತವರಲ್ಲಿ ನಾನೇ ದೊಡ್ಡವಳು.
ಮುಂದಿದ್ದ ಹುಡುಗಿಯ ಬೆನ್ನಿಗೆ ರಟ್ಟಿನ ರೆಕ್ಕೆ,
ನನ್ನ ಜೇಬಿನಲ್ಲಿ ಬೆಳಿಗ್ಗೆ ಆರಕ್ಕೆ ತೆರೆಯಬೇಕಾದ
ಈಜುಕೊಳದ ಬೀಗದ ಗೊಂಚಲು.
ಹದಿನೆಂಟು ಪೌಂಡು. ಎಂಟುನೂರ ನಲವತ್ತು ಪುಟ.
ಮೊದಲ ಬಸ್ಸು ಬರುವಷ್ಟರಲ್ಲಿ ನೂರು ನುಂಗಿದ್ದೆ.

ನೆನಪಿದೆಯಾ, ನೀರಿಲ್ಲದ ಸ್ನಾನದ ತೊಟ್ಟಿಯಲ್ಲಿ
ಎದುರುಬದುರು ಕಾಲು ಚಾಚಿ ಓದುತ್ತಿದ್ದದ್ದು?
ಅಮ್ಮ ಮಲಗಿದ ಮೇಲೆ ಬೆಳಕು ಅಲ್ಲೊಂದೇ ಕಡೆ.
ಹುಡುಗಿಯ ಮಾತೆಲ್ಲ ನನ್ನದು,
ಡ್ರ್ಯಾಗನ್ನಿನ ಮಾತೆಲ್ಲ ನಿನ್ನದು.
ಮೊದಲ ಪುಸ್ತಕದಲ್ಲಿ ಅದಕ್ಕೆ ಪೀಪಿಯಂಥ ದನಿ.
ಎರಡನೆಯದರ ನಡುವೆ, ಹಿಮಕಣಿವೆಯ ಯುದ್ಧದ ಹೊತ್ತಿಗೆ
ಒಡೆಯಿತು. ಒಂದೇ ವಾಕ್ಯದಲ್ಲಿ
ಮೇಲೆ ಹಾರಿ ಕೆಳಗೆ ಬಿತ್ತು.
ನಾನು ನಕ್ಕೆ; ನೀನು ಸೋಪು ಎಸೆದೆ.
ಮೂರನೆಯದರಲ್ಲಿ ತೊಟ್ಟಿಯೇ ಗುಂಯ್‌ಗುಡುವಷ್ಟು ಆಳ.
ಆಮೇಲೆ ನಿನ್ನ ಕಾಲು ತೊಟ್ಟಿಯಲ್ಲಿ ಹಿಡಿಸಲಿಲ್ಲ.

ಈಗ ಕೇಳು.
ಮೂರು ಪುಸ್ತಕದುದ್ದ ನಮ್ಮನ್ನು ಹೆದರಿಸಿದ ಬೂದಿಯರಸ
ಎಂಟುನೂರ ಎರಡನೇ ಪುಟದಲ್ಲಿ
ಪಶ್ಚಾತ್ತಾಪಪಟ್ಟು ಸತ್ತ. ಒಂದೇ ಪ್ಯಾರಾ.
ಕುರುಡಿ ಕಮ್ಮಾರ್ತಿ ಬಚ್ಚಿಟ್ಟ ಕೀಲಿ
ಯಾವ ಬಾಗಿಲನ್ನೂ ತೆರೆಯಲಿಲ್ಲ; ಬರೆದಾಕೆಗೆ
ಕೀಲಿ ಕೊಟ್ಟದ್ದೇ ಮರೆತುಹೋಗಿರಬೇಕು.
ಹುಡುಗಿಗೆ ಮದುವೆಯಾಯಿತು,
ನೀನು ಹೆಸರು ಕೂಡ ನೆನಪಿಡದ ಆ ದೋಣಿಯವನ ಜೊತೆ.
ಬೆಟ್ಟ ಅಗೆದು ಇಲಿ ಹಿಡಿದಂತೆ, ಎನ್ನೋಣವೆಂದರೆ
ಬೆಟ್ಟ ಅಗೆಯುವುದೆಂದರೇನೆಂದು ಬಲ್ಲ ಊರು ನಮ್ಮದು.
ತಾತ ಅಗೆದಾಗ ಚಾವಣಿಗೆ ಕಲ್ಲುಹಲಗೆ ಸಿಕ್ಕಿತು,
ಎದೆಯೊಳಗೆ ಧೂಳು.
ಅದಾದರೂ ಒಂದು ಕೊನೆ.

ಸಂದೇಶ ಕಳಿಸಿದೆ: ಮುಗಿಸಿದೆ.
ಎರಡು ದಿನ ಬಿಟ್ಟು ನಿನ್ನದು ಬಂತು: ಸತ್ತಿತಾ?
ಇಲ್ಲ ಇದ್ವಲ್. ಸಾಯಲೂ ಬಿಡಲಿಲ್ಲ ಅದನ್ನು.
ಪಡುವಣಕ್ಕೆ ಹಾರಿಹೋಯಿತಂತೆ. ಅಂತೆ!
ರೆಕ್ಕೆ ಬಿಚ್ಚಿದ್ದನ್ನೂ ತೋರಿಸಲಿಲ್ಲ,
ಕುದುರೆಲಾಯದಲ್ಲಿ ಯಾರೋ ಯಾರಿಗೋ ಹೇಳಿದ್ದು.

ಸಿಟ್ಟಿಗೆ ಪೆನ್ಸಿಲು ಹಿಡಿದು ಮತ್ತೆ ಮೊದಲಿಂದ ತಿರುವಿದೆ.
ಎಂಟುನೂರ ನಲವತ್ತು ಪುಟಗಳಲ್ಲಿ
ಡ್ರ್ಯಾಗನ್ ಬಾಯಿ ಬಿಟ್ಟದ್ದು ಹನ್ನೊಂದು ಸಲ.
ಅದರಲ್ಲೂ ನಾಲ್ಕು ಬರೀ ‘ಹೂಂ’.
(ಈ ವರ್ಷ ನೀನು ಕಳಿಸಿದ ಸಂದೇಶಗಳನ್ನೂ ಎಣಿಸಿದೆ.
ಎಷ್ಟೆಂದು ಹೇಳುವುದಿಲ್ಲ ಬಿಡು.)

ನಿನ್ನೆ ರಾತ್ರಿ ತೊಟ್ಟಿಗಿಳಿದೆ. ಮೊಣಕಾಲು ಗದ್ದಕ್ಕೆ ತಾಗಿತು.
ನಿನ್ನ ಫೋನು ಎಂದಿನಂತೆ ಸಮುದ್ರದಲ್ಲಿತ್ತು.
ಬೀಪ್ ಆದ ಮೇಲೆ ಹುಡುಗಿಯ ಮಾತು ಓದುತ್ತಾ ಹೋದೆ,
ಡ್ರ್ಯಾಗನ್ನಿನದು ಬಂದಲ್ಲಿ ನಿಲ್ಲಿಸಿ ಕಾದೆ.
ನಲ್ಲಿ ತೊಟ್ಟಿಕ್ಕುವುದು ನಿನಗೆ ಕೇಳಿಸಬಹುದು.
ಮೂರನೆಯ ಸಲ ಕಾಯುತ್ತಿದ್ದಾಗ
ಮಾತಿಲ್ಲವೆಂದು ಯಂತ್ರ ಕರೆ ಕತ್ತರಿಸಿತು.

ಪುಸ್ತಕ ಅಂಚೆಗೆ ಹಾಕುತ್ತಿದ್ದೇನೆ.
ಮಿಕ್ಕ ಎಂಟಕ್ಕೆ ಪೆನ್ಸಿಲಿನ ಗುರುತಿದೆ.