ಸೂಜಿಮೊನೆಯಷ್ಟು ತೂತು

ಟೂವೂಂಬಾದ ಘಾಟಿ ಇಳಿಯುವಾಗ
ಪೆಡಲು ನೆಲ ಮುಟ್ಟಿತಂತೆ.
"ಬೆಣ್ಣೆಯಲ್ಲಿ ಕಾಲಿಟ್ಟ ಹಾಗಾಯ್ತು" ಎಂದಳು ಮರ್ಲ್ ಹಾಸ್ಕಿನ್,
ಎಪ್ಪತ್ತಾರು ವರ್ಷ, ಮುಷ್ಟಿಯಲ್ಲಿನ್ನೂ ಕೀ.
ಲಾರಿಗಳಿಗೆಂದು ಸುರಿದಿಟ್ಟ ಜಲ್ಲಿಯ ದಾರಿಗೆ ಹೊರಳಿಸಿ
ಗಾಲಿ ಮುಳುಗಿಸಿ ಉಳಿದುಕೊಂಡಿದ್ದಳು.
ಹಸಿರು ಆಸ್ಟಿನ್, ಐವತ್ಮೂರರದು,
ನನ್ನ ಶೆಡ್ಡಿಗೆ ಬಂದಾಗ ಮೂತಿ ತುಂಬ ಧೂಳು.

"ಕೈ ಇಟ್ಟು ನೋಡು, ಬಾಯಿ ಆಮ್ಯಾಲೆ"
ಎನ್ನುತ್ತಿದ್ದ ಹುಬ್ಬಳ್ಳಿಯ ದಸ್ತಗೀರ್ ಉಸ್ತಾದ.
ಇಟ್ಟೆ. ನಾಲ್ಕೂ ಡ್ರಮ್ಮಿನ ಬಣ್ಣ
ಸುಟ್ಟು ಬೊಬ್ಬೆ ಎದ್ದಿತ್ತು.
ಒಂದೇ ಗಾಲಿಯಾಗಿದ್ದರೆ ಹೋಸನ್ನು ಬೈಯಬಹುದಿತ್ತು.
ಹ್ಯಾಂಡ್‌ಬ್ರೇಕು ನಿರ್ದೋಷಿ, ಅದರ ಕೈ ಹಿಂದಿನ ಎರಡಕ್ಕಷ್ಟೇ.
ನಾಲ್ಕೂ ಎಂದರೆ ಮೂಲಕ್ಕೇ ಹೋಗಬೇಕು.

ಜ್ಯಾಕಿನ ಮೇಲೇರಿಸಿ ತಿರುವಿದೆ,
ಏನೂ ಅರಿಯದವರಂತೆ ತಿರುಗಿದವು.
ಐದು ಸಲ ಪೆಡಲು ತುಳಿದೆ. ಬಿಟ್ಟೆ.
ಈಗ ಉಡದ ಹಿಡಿತ!
ಮುಂದಿನ ಬಲಗಾಲಿಯ ನಿಪ್ಪಲನ್ನು ಕಾಲು ಸುತ್ತು ಸಡಿಲಿಸಿದರೆ
ಚಿಳ್ಳನೆ ಹಾರಿತು ಎಣ್ಣೆ,
ನಾಲ್ಕೂ ಒಟ್ಟಿಗೆ ಉಸಿರು ಬಿಟ್ಟವು.

ಹೋದ ಎಣ್ಣೆಗೆ ಮರಳುವ ದಾರಿಯಿಲ್ಲ.
ಮರಳದ್ದು ಕಾದಿದೆ, ಕಾದದ್ದು ಹಿಗ್ಗಿದೆ,
ಹಿಗ್ಗಿ ಇನ್ನಷ್ಟು ಹಿಡಿದು, ಹಿಡಿದು ಇನ್ನಷ್ಟು ಕಾದು
ಕುದಿದು ಆವಿಯಾಗಿದೆ.
ಆ ತಿರುವಿನಲ್ಲಿ ಮರ್ಲ್ ತುಳಿದದ್ದು
ಬರೀ ಆವಿಯನ್ನು.
ಬಿಡಲು ಬಾರದ ಬ್ರೇಕು
ಕೊನೆಗೆ ಹಿಡಿಯಲೂ ಬಾರದೆ ಹೋಗುತ್ತದೆ.

"ಡೆಸ್ಮಂಡನೇ ಜೋಡಿಸಿದ್ದು, ನನ್ನ ಅಳಿಯ" ಎಂದಳು,
"ಕಳೆದ ವಾರ. ಅವನ ಕೈಗುಣವೇ ಅಷ್ಟು."
ಅವನು ಹೊರಗೆ ಹಳೇ ಟೈರಿನ ಮೇಲೆ ಕೂತು
ಯಾರ ಮುಖವನ್ನೂ ನೋಡುತ್ತಿರಲಿಲ್ಲ.

ಮಾಸ್ಟರ್ ಸಿಲಿಂಡರು ಬಿಚ್ಚಿ ಬೆಂಚಿಗೆ ತಂದೆ.
ಪುಶ್‌ರಾಡಿನ ಆಟ ಸರಿಯಿತ್ತು, ಕೂದಲೆಳೆಯಷ್ಟು.
ಪಾಪ, ಹುಡುಗ ಪುಸ್ತಕ ನೋಡಿ ಮಾಡಿದ್ದಾನೆ.
ಒಳಗೆ ಹೊಸ ಸ್ಲೀವು, ಕನ್ನಡಿಯಂಥ ಪಾಲಿಶು,
ಬಲ್ಲವನ ಕೆಲಸ.
ಮೇಲಿನ ಡಬ್ಬಿಯೊಳಗೆ ಟಾರ್ಚು ಬಿಟ್ಟೆ.
ಎರಡು ತೂತಿರಬೇಕು,
ದೊಡ್ಡದು ಇದೆ.
ಪಕ್ಕದ ಚಿಕ್ಕದು, ಸೂಜಿಮೊನೆಯಷ್ಟು,
ಎಣ್ಣೆ ಮನೆಗೆ ಮರಳುವ ಬಾಗಿಲು,
ಅದರ ಮೇಲೆ ಸ್ಲೀವು ಗೋಡೆಯಂತೆ ಕೂತಿದೆ.
ಕೊರೆಯಲು ಮರೆತಿದ್ದಾನೆ.

ಯಾವನೋ ಇವನು, ಯಾವ ಮಹಾನುಭಾವ,
ಎಂದು ಗೊಣಗುತ್ತಾ ಮಗುಚಿದೆ.
ತಳದಲ್ಲಿ
ಕೈಯಲ್ಲಿ ಕೆತ್ತಿದ ಒಂದು ಳ.

ಯಾವ ಮಾತೂ ಶುರುವಾಗದ ಅಕ್ಷರ,
ಯಾರೂ ತಮ್ಮದೆನ್ನಲಾರರೆಂದು ನಾನೇ ಆರಿಸಿದ್ದು.
ಈ ಊರಲ್ಲಿ ಅದನ್ನು ಓದಬಲ್ಲವನೂ ನಾನೊಬ್ಬನೇ.

"ಎಲ್ಲಿ ಸಿಕ್ಕಿತು ಇದು?"
"ಗಾಟನ್ನಿನ ಹಳೇ ಸಾಮಾನಿನ ಸಂತೆಯಲ್ಲಿ,
ಬಿಚ್ಚದ ಪೊಟ್ಟಣ, ಚೌಕಾಸಿ ಮಾಡಿ ತಂದೆ."

ಆ ದಿನ ಏನಾಗಿತ್ತು? ಫೋನು ಬಂತೇ,
ಡ್ರಿಲ್ಲಿನ ಮುಳ್ಳು ಮುರಿದು ನಾಳೆ ಎಂದೆನೇ,
ಚಹಾ ಆರುತ್ತದೆಂದು ಎದ್ದು ಹೋದೆನೇ?
ನೆನಪಿಲ್ಲ. ದೊಡ್ಡ ತಪ್ಪಿಗೆ
ದೊಡ್ಡದೊಂದು ಕಾರಣವಾದರೂ ಇರಬಾರದಿತ್ತೇ.

ಒಂದು ಚಿಂದಿ, ಎರಡು ನಿಮಿಷದ ಉಜ್ಜು, ಳ ಅಳಿಯುತ್ತಿತ್ತು.
ಅರಗೋಲು ಕೈಗೆ ಎಟುಕುವಲ್ಲೇ ಇತ್ತು.
ಎಟುಕುವಲ್ಲೇ ಇತ್ತು ಎಂಬುದನ್ನೂ ಬರೆದಿಡುತ್ತೇನೆ.

ಸಿಲಿಂಡರು, ಟಾರ್ಚು ಹಿಡಿದು
ಮೊದಲು ಟೈರಿನ ಮೇಲೆ ಕೂತವನ ಹತ್ತಿರ ಹೋದೆ.
"ನೋಡು" ಎಂದೆ. "ಇದು ನನ್ನ ಸಹಿ."

ಮರ್ಲ್ ಬೈಯಲಿಲ್ಲ. ಬೈದಿದ್ದರೆ ಒಳ್ಳೆಯದಿತ್ತು.
ಕೀಯನ್ನು ಬೆಂಚಿನ ಮೇಲಿಟ್ಟು ಹೋದಳು.

ರಾತ್ರಿ ರಿಜಿಸ್ಟರು ತೆಗೆದೆ.
ಆ ವಾರ ಕಳಿಸಿದ್ದು ಹನ್ನೊಂದು.
ವಾರಿಕ್‌ನವನು ಸಿಕ್ಕ, ಕಾರು ಶೆಡ್ಡಿನಲ್ಲೇ ಇದೆಯಂತೆ.
ಡಾಲ್ಬಿಯವಳು ಮಾರಿಬಿಟ್ಟಿದ್ದಾಳೆ, ಯಾರಿಗೋ.
ಮೂರನೆಯವನು ನಕ್ಕ, ಆಮೇಲೆ ಸುಮ್ಮನಾದ.
ನಾಲ್ಕನೆಯ ನಂಬರು
ರಿಂಗಾಗುತ್ತಲೇ ಇದೆ.