ಎರಡು ಫೈಲು

ಹಳದಿ ಫೈಲು ಸಕ್ಕರೆಯದು. ಹದಿನೇಳು ವರ್ಷದ್ದು,
ಮೂಲೆಗಳು ಸವೆದು ಬಟ್ಟೆಯಂತಾಗಿವೆ.
ನೀಲಿಯದು ಹೊಸೂರು ರೋಡಿನ ಆಸ್ಪತ್ರೆಯದು,
ಇನ್ನೂ ಅಂಟಿನ ವಾಸನೆ.
ಎರಡೂ ಒಂದೇ ವೈರ್ ಬ್ಯಾಗಿನಲ್ಲಿ,
ಕಬ್ಬನ್‌ಪೇಟೆಯಿಂದ ಅಲ್ಲಿಯವರೆಗೆ ನನ್ನ ತೊಡೆಯ ಮೇಲೆ.
ಒಂದರ ಸುದ್ದಿ ಇನ್ನೊಂದಕ್ಕೆ ಮುಟ್ಟಿಸುವವಳು ನಾನೇ,
ಏಳನೇ ಕ್ಲಾಸು ಓದಿದವಳು.

ಅಕ್ಕ ಲೋಲಾಕ್ಷಿ ಕಿಟಕಿ ಪಕ್ಕ.
ನಲವತ್ತು ವರ್ಷ ಮಗ್ಗದ ಮನೆಯಲ್ಲಿ
ಹರಿದ ಎಳೆಗೆ ಗಂಟು ಹಾಕಿದವಳು,
ಸೀರೆಯ ಮೇಲೆ ಬೆರಳಾಡಿಸಿದರೂ ಸಿಗದ ಗಂಟು.
ಎಡ ಎದೆಯದು ಅವಳ ಬೆರಳಿಗೇ ಮೊದಲು ಸಿಕ್ಕಿತು.
'ಇದು ನಾನು ಹಾಕಿದ್ದಲ್ಲ ಕಣೇ' ಅಂದಳು.
ಆಮೇಲೆ ಇನ್ಸುಲಿನ್ ಚುಚ್ಚಿಕೊಂಡು
ಊಟಕ್ಕೆ ಕೂತಳು.

ಡಾಕ್ಟರು ಚಿಕ್ಕ ವಯಸ್ಸಿನವರು.
ಹಳದಿ ಫೈಲನ್ನು ಪಕ್ಕಕ್ಕಿಟ್ಟರು, ಮತ್ತೆ ತಾವೇ ಎಳೆದುಕೊಂಡರು.
ಓದುತ್ತ ಓದುತ್ತ ಪೆನ್ನು ನಿಧಾನವಾಯಿತು.
ಆ ಕೆಂಪು ಔಷಧಿ ಕೊಡಬಹುದಿತ್ತು,
ಹೃದಯದ ಪಂಪು ನಲವತ್ತರ ಮೇಲೆ ಏಳುತ್ತಿಲ್ಲ.
ಇನ್ನೊಂದು ಕೊಡಬಹುದಿತ್ತು, ಕಿಡ್ನಿ ಒಪ್ಪುವುದಿಲ್ಲ.
ಉಳಿದದ್ದು ಕೊಡೋಣ, ಸ್ವಲ್ಪ ಸ್ವಲ್ಪವಾಗಿ, ಆದರೆ
ವಾಂತಿ ತಡೆಯುವ ಗುಳಿಗೆ ಸಕ್ಕರೆ ಏರಿಸುತ್ತದೆ.

ಕೊಡಬಹುದಿತ್ತು.
ಆ ಮಾತು ನಮ್ಮ ಜೊತೆಗೇ ಬಸ್ಸು ಹತ್ತಿತು,
ನಮ್ಮ ಹಾಗೆಯೇ ಫ್ರೀ ಟಿಕೆಟ್ಟಿನಲ್ಲಿ.

ಬೀದಿಯವರು ಬಂದರು. ಎಳನೀರು ಕೊಡು ಅಂದರು.
ಕಿಡ್ನಿಯವರು ಬೇಡ ಅಂದಿದ್ದಾರೆ.
ಖರ್ಜೂರ ಕೊಡು, ರಕ್ತ ಹೆಚ್ಚುತ್ತೆ.
ಸಕ್ಕರೆಯವರು ಬೇಡ ಅಂದಿದ್ದಾರೆ.
ಬಾಯಿಗೆ ರುಚಿಯಿಲ್ಲವೇ, ಉಪ್ಪಿನಕಾಯಿ? ಬೀಪಿ.
'ಹಾಗಾದರೆ ಬೈಗುಳ ತಿನ್ನಲೇನೇ' ಅಂದಳು ಅಕ್ಕ,
'ಅದಕ್ಕೆ ಯಾವ ಫೈಲಲ್ಲೂ ಪಥ್ಯ ಬರೆದಿಲ್ಲ.'

ಸಕ್ಕರೆ ಯಾರನ್ನು ಕೊಂದಿದೆ ಅಂದುಕೊಂಡಿದ್ದೆವು.
ಈ ಪೇಟೆಯಲ್ಲಿ ಮನೆಗೊಬ್ಬರಿಗಿದೆ,
ಕಾಫಿಗೆ ಹಾಕದಿದ್ದರಾಯಿತು ಅಂತ.
ತಮ್ಮನ ಮಗಳ ಮದುವೆಯಲ್ಲಿ
'ಒಂದು ಹೋಳಿಗೆಗೆ ಏನೂ ಆಗಲ್ಲ' ಅಂತ
ತುಪ್ಪ ಸುರಿದು ಬಡಿಸಿದ ಕೈ ನನ್ನದು.

ಪಕ್ಕದ ಕುರ್ಚಿಯಲ್ಲಿ ಔಷಧಿ ಏರಿಸಿಕೊಳ್ಳುತ್ತಿದ್ದವಳು
ಗೋರಿಪಾಳ್ಯದ ತನ್ವೀರಾ.
ಅದೇ ಕಾಯಿಲೆ, ಅದೇ ಅಳತೆ,
ಎರಡು ಪಾಯಿಂಟ್ ಎಂಟು ಸೆಂಟಿಮೀಟರು,
ವಯಸ್ಸು ಅಕ್ಕನಿಗಿಂತ ಒಂದು ವರ್ಷ ಹೆಚ್ಚೇ.
ಇಬ್ಬರಿಗೂ ಯುಗಾದಿ ಮುಗಿದ ವಾರ ಶುರು.
ಅವಳದು ಆರೂ ಮುಗಿಯಿತು. ಅಕ್ಕನದು ಮೂರು.
ಒಂದು ಸಲ ಸಕ್ಕರೆ ಮುನ್ನೂರ ನಲವತ್ತು, ವಾಪಸ್ಸು.
ಒಂದು ಸಲ ಕಾಲಿನ ಹುಣ್ಣು, ವಾಪಸ್ಸು.
ಕೊನೆಯ ದಿನ ತನ್ವೀರಾ ತಲೆಗೆ ಸುತ್ತಿದ್ದ ಹಸಿರು ದುಪಟ್ಟಾದ
ಅಂಚನ್ನು ಅಕ್ಕ ಎರಡು ಬೆರಳಲ್ಲಿ ಹಿಡಿದು ನೋಡಿದಳು.
'ನೂಲು ಗಟ್ಟಿಯಿದೆ' ಅಂದಳು.
ಬೇರೆ ಏನೂ ಹೇಳಲಿಲ್ಲ.

ಹಾಸು ಜೀರ್ಣವಾಗಿದ್ದರೆ
ಹರಿದ ಎಳೆ ಕಟ್ಟುವಷ್ಟರಲ್ಲಿ ಪಕ್ಕದ್ದು ಹರಿಯುತ್ತದೆ.
ಇದನ್ನು ನನಗೆ ಕಲಿಸಿದ್ದೂ ಅವಳೇ,
ನಾನು ಕೆಲಸಕ್ಕೆ ಸೇರಿದ ವರ್ಷ.

ಈಗ ಬೆಳಗ್ಗೆ ಐದೂವರೆಗೆ ಅವಳನ್ನು ನಡೆಸುತ್ತೇನೆ.
ಇನ್ನೂರರ ಒಳಗೆ ಬಂದರೆ ಸೋಮವಾರ ನಾಲ್ಕನೆಯದು.
ಅವೆನ್ಯೂ ರೋಡಿನ ಶಟರುಗಳು ಎದ್ದಿಲ್ಲ,
ಗಲ್ಲಿಯೊಳಗೆ ಒಂದೆರಡು ಮಗ್ಗ ಆಗಲೇ ಟಕಟಕ.
ಅಕ್ಕ ನಿಂತು ಕಿವಿಗೊಡುತ್ತಾಳೆ,
'ಕೇಳಿದ್ಯಾ, ಅಲ್ಲೊಂದು ಎಳೆ ಹೋಯ್ತು.'
ಮತ್ತೆ ಮಾತಾಡುತ್ತ ಮುಂದೆ ಮುಂದೆ.

ನಾನು ನೋಡುವಾಗ ಅವಳ ಎಡಗಾಲು ಬರಿದು.
ಚಪ್ಪಲಿ ಇಪ್ಪತ್ತು ಹೆಜ್ಜೆ ಹಿಂದೆ
ಇಸ್ತ್ರಿ ಅಂಗಡಿಯ ಮುಂದೆ ಬೋರಲು ಬಿದ್ದಿದೆ.
ಅವಳಿಗೆ ಗೊತ್ತೇ ಆಗಿಲ್ಲ.

ಹೋಗಿ ತಂದೆ. ಕುಕ್ಕರುಗಾಲಲ್ಲಿ ಕೂತು
ಅವಳ ತಣ್ಣನೆಯ ಬೆರಳುಗಳನ್ನು
ಒಂದೊಂದಾಗಿ ಉಂಗುಟದೊಳಗೆ ಸೇರಿಸುತ್ತ
ಯೋಚಿಸಿದೆ, ಇದನ್ನು ಯಾರಿಗೆ ಹೇಳಲಿ,
ಹಳದಿ ಫೈಲಿನವರಿಗೋ
ನೀಲಿಯವರಿಗೋ.