ಸುಟ್ಟು ಬಂದದ್ದು

ವಿನೋಬನಗರದ ನೀರಿನ ಟ್ಯಾಂಕಿನ ಮೋಟಾರು
ಸುಟ್ಟು ವಾಪಸು ಬಂದಿದೆ.
ಬಿಚ್ಚಿದರೆ ಕಮಟು ವಾರ್ನಿಶಿನಡಿ ನನ್ನದೇ ಗಂಟು,
ಎಡಚನ ಗಂಟು; ನನ್ನದಲ್ಲ ಅನ್ನುವಂತಿಲ್ಲ.

“ಎಷ್ಟು ವರ್ಷ ಓಡ್ತು?” ಇನಾಯತ್ ಸಾಬರು.
ಒಂಬತ್ತು.
“ಚೆನ್ನಾಗೇ ಸುತ್ತಿದ್ದೀಯ ಹಾಗಾದ್ರೆ.”

ಅವರಿಗೆ ಗೊತ್ತಿಲ್ಲ. ಅವತ್ತು ಬಾಗಿಲಲ್ಲಿ ಸೈಕಲ್ ನಿಲ್ಲಿಸಿ
ತಮ್ಮ, ಅಕ್ಕನಿಗೆ ಹೆಣ್ಣು ಮಗು ಅಂದ.
ಎಪ್ಪತ್ತೊಂದೋ, ಎಪ್ಪತ್ತೆರಡೋ,
ಎಣಿಕೆ ತಪ್ಪಿತು. ಕೈ ನಿಲ್ಲಲಿಲ್ಲ.

ಆ ಅನುಮಾನದ ಮೇಲೇ ಒಂಬತ್ತು ವರ್ಷ
ತುಂಗೆ ಮೇಲೇರಿದಳು, ನಲ್ಲಿಗಳಲ್ಲಿ ಇಳಿದಳು,
ಬಚ್ಚಲು ಹಾದು ಮೋರಿಗುಂಟ ತುಂಗೆಗೇ ಬಂದಳು.
ಹಾಲಪ್ಪ ಟ್ಯಾಂಕಿನ ಸುರುಳಿ ಮೆಟ್ಟಿಲು ಹತ್ತಿ
ಇಣುಕಿ, ಇಳಿದು, ಬೀಡಿ ಹಚ್ಚಿ,
ಮತ್ತೆ ಹತ್ತಿದ.

ಹಳೇ ಸುತ್ತು ಎಣಿಸಿಯೇ ಹೊಸದು ಸುತ್ತಬೇಕು,
ಅಂಗಡಿಯ ರೂಢಿ ಅದು.
ಅಂದರೆ, ತಪ್ಪಿದ್ದರೆ ತಪ್ಪನ್ನೂ
ಹೊಸ ತಾಮ್ರದಲ್ಲಿ.

ಬುತ್ತಿ ತಂದ ಲಿಖಿತಾ ಬಿಡುವುದಿಲ್ಲ:
“ಮಾಮ, ನಾನು ಎಣಿಸ್ತೀನಿ.”
ಕಡಿದ ಕಾಯಿಲು ತೊಡೆಯ ಮೇಲಿಟ್ಟುಕೊಂಡು
ಉಗುರಲ್ಲಿ ಒಂದೊಂದೇ ಎಳೆ ಬಿಡಿಸುತ್ತಾಳೆ.
ಅರವತ್ತೆಂಟು. ಅರವತ್ತೊಂಬತ್ತು.

ಬಾಗಿಲಲ್ಲಿ ಯಾರೋ ಸೈಕಲ್ ನಿಲ್ಲಿಸುತ್ತಾರೆ.
ಕೈಯೆತ್ತಿ ಸನ್ನೆ ಮಾಡುತ್ತೇನೆ,
ಈಗ ಬೇಡ, ಮಾತಾಡಬೇಡ.